ಗೋಡೆ ಮೇಲೆ ಟಿವಿ, ಕುರ್ಚಿಯಲ್ಲಿ ಅಮ್ಮ: ಯಾವ ವೈರ್‌ಲೆಸ್ ಸ್ಪೀಕರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ?

"ಸೌಂಡೇನೋ ಬರ್ತದೆ, ಏನ್ ಹೇಳ್ತಿದಾರೆ ಅಂತ ಗೊತ್ತಾಗಲ್ಲ." ಟಿವಿಯನ್ನು ಸ್ಟ್ಯಾಂಡಿನಿಂದ ಎತ್ತಿ ಗೋಡೆಗೆ ಹಾಕಿಸಿದ ಮನೆಗಳಲ್ಲಿ ಹಿರಿಯರ ದೂರು ಇದೇ, ಮತ್ತು ಅದು ಸರಿಯಾದ ದೂರು. ತೆಳು ಟಿವಿಯ ಸ್ಪೀಕರ್‌ಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಗೋಡೆಗೂ ಟಿವಿಗೂ ನಡುವೆ ಉಳಿಯುವ ಒಂದಿಂಚು ಸಂದಿಯಲ್ಲಿ ಸದ್ದು ಬಡಿದಾಡಿ, ಟೈಲ್ಸ್ ನೆಲಕ್ಕೂ ಬೋಳು ಗೋಡೆಗೂ ತಾಗಿ, ಸುತ್ತು ಹಾಕಿಕೊಂಡು ಕಿವಿಗೆ ಬರುತ್ತದೆ. ಇತ್ತ ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಾಂಕದ ಸದ್ದುಗಳನ್ನು. ಸ, ಶ, ಚ, ತ ಮುಂತಾದವುಗಳ ಗುರುತು ಇರುವುದು ಅಲ್ಲೇ. ಕೂಸು ಅಂದರೋ ಕೂತು ಅಂದರೋ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ 'ಊ' ಇನ್ನಷ್ಟು ಜೋರಾಗುತ್ತದೆ, 'ಸ' ಹಾಗೇ ಜಾರಿಹೋಗುತ್ತದೆ.

ಹಾಗಾಗಿ ಪೆಟ್ಟಿಗೆ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವ್ಯಾಟ್ ಲೆಕ್ಕವನ್ನು ನೋಡದೇ ಇದ್ದರೂ ನಡೆಯುತ್ತದೆ. ಕೇಳಬೇಕಾದ ಪ್ರಶ್ನೆ ಎರಡು. ಸದ್ದು ಕಿವಿಗೆ ಎಷ್ಟು ಹತ್ತಿರದಿಂದ ಬರುತ್ತದೆ? ಅಮ್ಮ ಈಗ ಒತ್ತುತ್ತಿರುವ ಗುಂಡಿಗಳು ನಾಳೆಯೂ ಅದೇ ಕೆಲಸ ಮಾಡುತ್ತವೆಯೇ? ಎರಡನೆಯದರಲ್ಲಿ ಸೋತ ಸ್ಪೀಕರ್, ಮಗ ಊರಿಂದ ವಾಪಸು ಬಸ್ಸು ಹತ್ತಿದ ಮರುದಿನವೇ ಮೂಲೆ ಸೇರುತ್ತದೆ.

ದುಡ್ಡು ಬಿಚ್ಚುವ ಮೊದಲು ಟಿವಿಯೊಳಗಿನ ಒಂದು ಸೆಟ್ಟಿಂಗ್ ನೋಡಿ. ಎಲ್‌ಜಿಯಲ್ಲಿ ಕ್ಲಿಯರ್ ವಾಯ್ಸ್, ಸ್ಯಾಮ್‌ಸಂಗ್‌ನಲ್ಲಿ ಆಂಪ್ಲಿಫೈ, ಸೋನಿಯ ಕೆಲವು ಮಾದರಿಗಳಲ್ಲಿ ವಾಯ್ಸ್ ಝೂಮ್. ಮಾತು ಎದ್ದು ಕೇಳುವಂತೆ ಮಾಡುವುದು ಇವುಗಳ ಕೆಲಸ. ಜೊತೆಗೆ ಆಟೋ ವಾಲ್ಯೂಮ್ ಆನ್ ಮಾಡಿದರೆ ಜಾಹೀರಾತು ಬಂದಾಗ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ. ಕೆಲವರ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಮುಂದೆ ಓದಿ.

ವೈರ್‌ಲೆಸ್ ಅಂದರೆ ವೈರ್ ಇಲ್ಲ ಅಂತಲ್ಲ

ಸದ್ದಿನ ವೈರ್ ಇಲ್ಲ ಅಷ್ಟೇ. ಕರೆಂಟಿನ ವೈರ್ ಇದ್ದೇ ಇರುತ್ತದೆ. ಟಿವಿ ಹಿಂದೆ ಸಾಮಾನ್ಯವಾಗಿ ಒಂದೋ ಎರಡೋ 5 ಆಂಪ್ ಪಾಯಿಂಟ್ ಇರುತ್ತವೆ. ಟಿವಿಗೆ ಒಂದು, ಸೆಟ್‌ಟಾಪ್ ಬಾಕ್ಸ್‌ಗೆ ಒಂದು ಹೋದರೆ ಸ್ಪೀಕರ್‌ಗೆ ಉಳಿಯುವುದು ಸೊನ್ನೆ. ಸ್ಪೀಕರ್ ಆರ್ಡರ್ ಮಾಡುವ ಮೊದಲೇ ಪಾಯಿಂಟ್ ಎಣಿಸಿ. ಯುಪಿಎಸ್ ಲೈನ್ ಇರುವ ಮನೆಯಾದರೆ ಟಿವಿ, ಬಾಕ್ಸ್, ರೂಟರ್, ಸ್ಪೀಕರ್ ಎಲ್ಲವೂ ಅದೇ ಲೈನಿನಲ್ಲಿರಬೇಕು. ಟಿವಿ ಯುಪಿಎಸ್ ಮೇಲೆ ನಡೆಯುತ್ತಿದ್ದು ಸ್ಪೀಕರ್ ಮಾತ್ರ ಮೇನ್ಸ್‌ನಲ್ಲಿದ್ದರೆ, ಕರೆಂಟ್ ಹೋದಾಗ ಚಿತ್ರ ಬರುತ್ತದೆ, ಮಾತು ನಿಂತಿರುತ್ತದೆ. ಟಿವಿ ಕೆಟ್ಟಿದೆ ಎಂದು ಫೋನ್ ಬರುವುದು ಆಗಲೇ.

ಟಿವಿ ಕೆಳಗಿನ ಬಾರ್

ಎಲ್ಲರೂ ಒಟ್ಟಿಗೆ ಕೂತು ನೋಡುವ ಹಾಲ್ ಆಗಿದ್ದರೆ ನಮ್ಮ ಮೊದಲ ಆಯ್ಕೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ಸ್ಪೀಕರಿಗೆ ಕಳಿಸುವ ಸೌಲಭ್ಯ) ಇರುವ ಚಿಕ್ಕ ಸೌಂಡ್‌ಬಾರ್, ಅಂದರೆ ಟಿವಿ ಕೆಳಗೆ ಕೂರುವ ಉದ್ದನೆಯ ಸ್ಪೀಕರ್. ಇದರಲ್ಲಿ ಒಂದು ಕೇಬಲ್ ಇದೆ, ನಿಜ. ಆದರೆ ಆ ಒಂದು ಕೇಬಲ್ಲೇ ಮುಂದಿನ ಹತ್ತು ತಲೆನೋವು ತಪ್ಪಿಸುತ್ತದೆ. ಎಆರ್‌ಸಿ 2009ರ ಎಚ್‌ಡಿಎಂಐ 1.4ರಿಂದ ಇರುವುದರಿಂದ ಹತ್ತು ವರ್ಷ ಹಳೆಯ ಟಿವಿಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಟಿವಿ ಹಿಂದಿನ ಪೋರ್ಟ್‌ಗಳಲ್ಲಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಎಂದು ಬರೆದಿರುತ್ತದೆ. ಎಲ್‌ಜಿಯಲ್ಲಿ ಹೆಚ್ಚಾಗಿ 2ನೆಯದು, ಸೋನಿಯಲ್ಲಿ ಹೆಚ್ಚಾಗಿ 3ನೆಯದು. ಬೇರೆ ಪೋರ್ಟ್‌ಗೆ ಚುಚ್ಚಿದರೆ ಸದ್ದು ಬರುವುದಿಲ್ಲ. ಎಷ್ಟೋ 'ಬಾರ್ ಕೆಟ್ಟಿದೆ' ದೂರುಗಳ ಮೂಲ ಇದು.

ಮಾತಿಗಾಗಿಯೇ ತೆಗೆದುಕೊಳ್ಳುವವರಿಗೆ ಬೋಸ್ ಟಿವಿ ಸ್ಪೀಕರ್ ಒಳ್ಳೆಯ ಅಳತೆಗೋಲು. ಅಗಲ ಸುಮಾರು 59 ಸೆಂ.ಮೀ, ಎತ್ತರ 5.6 ಸೆಂ.ಮೀ, ತೂಕ 2 ಕೆ.ಜಿ. ರಿಮೋಟಿನಲ್ಲಿ ಡೈಲಾಗ್ ಮೋಡ್‌ಗೆ ಪ್ರತ್ಯೇಕ ಗುಂಡಿ ಇದೆ, ಮೆನು ಹುಡುಕಬೇಕಿಲ್ಲ. ಕೊರತೆಯೂ ಇದೆ: ಪರದೆ ಇಲ್ಲದೆ ಪುಟ್ಟ ದೀಪದಲ್ಲೇ ಎಲ್ಲ ಹೇಳುವುದರಿಂದ ಈಗ ಯಾವ ಮೋಡ್‌ನಲ್ಲಿದೆ ಎಂದು ದೂರದಿಂದ ತಿಳಿಯುವುದು ಕಷ್ಟ. ಪೆಟ್ಟಿಗೆಯಲ್ಲಿ ಆಪ್ಟಿಕಲ್ ಕೇಬಲ್ (ಸದ್ದನ್ನು ಬೆಳಕಿನ ರೂಪದಲ್ಲಿ ಒಯ್ಯುವುದು) ಕೊಡುತ್ತಾರೆ, ಎಚ್‌ಡಿಎಂಐ ಕೇಬಲ್ಲನ್ನು ಬೇರೆಯಾಗಿ ಕೊಳ್ಳಬೇಕು. ಈ ಬೆಲೆಗೆ ಇದು ಜಿಪುಣತನವೇ. ಪೋಲ್ಕ್ ಬಾರ್‌ಗಳ ವಾಯ್ಸ್ ಅಡ್ಜಸ್ಟ್, ಜೆಬಿಎಲ್‌ನ ಪ್ಯೂರ್‌ವಾಯ್ಸ್, ಸೋನಿ ಬಾರ್‌ಗಳ ವಾಯ್ಸ್ ಮೋಡ್ ಕೂಡ ಇದೇ ಉದ್ದೇಶದವು. ಜೊತೆಗೆ ಬರುವ ವೈರ್‌ಲೆಸ್ ಸಬ್‌ವೂಫರ್ ಮಾತ್ರ ಈ ಕೆಲಸಕ್ಕೆ ಬೇಡ. ದಪ್ಪ ಸದ್ದು ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುತ್ತದೆ, ಮಾತು ಮತ್ತಷ್ಟು ಮಬ್ಬಾಗುತ್ತದೆ. ಈಗಾಗಲೇ ಮನೆಯಲ್ಲಿದ್ದರೆ ಅದರ ಮಟ್ಟವನ್ನು ತೀರಾ ಕೆಳಕ್ಕೆ ಇಳಿಸಿಡಿ.

ಜೋಡಿಸುವಾಗ ಮೊದಲ ಅಡ್ಡಿ ಬರುವುದು ಗೋಡೆಯ ಸಂದಿಯಲ್ಲಿ. ಚಪ್ಪಟೆ ಬ್ರಾಕೆಟ್ ಹಾಕಿದ ಟಿವಿಗೆ ಗೋಡೆಯಿಂದ 25-30 ಮಿ.ಮೀ ಮಾತ್ರ ಅಂತರ. ಪೋರ್ಟ್ ಗೋಡೆಯತ್ತ ಮುಖ ಮಾಡಿದ್ದರೆ ನೇರ ಎಚ್‌ಡಿಎಂಐ ತಲೆ ಅಲ್ಲಿ ಕೂರುವುದಿಲ್ಲ. ಬಲವಂತವಾಗಿ ತೂರಿಸಿದರೆ ಪ್ಲಗ್ ಓರೆಯಾಗಿ, ಕೆಲವು ವಾರಗಳಲ್ಲಿ ಪೋರ್ಟ್ ಸಡಿಲವಾಗುತ್ತದೆ. ಎಲ್ ಆಕಾರದ ಅಡಾಪ್ಟರ್ ತರಬೇಕು. ಅದರಲ್ಲೂ ಎರಡು ಬಗೆ: 90 ಡಿಗ್ರಿಯದು ಒಂದು ಕಡೆ ತಿರುಗುತ್ತದೆ, 270 ಡಿಗ್ರಿಯದು ಅದರ ಎದುರು ಕಡೆ. ಯಾವುದು ಬೇಕೆಂದು ಅಂಗಡಿಯಲ್ಲಿ ನಿಂತು ಊಹಿಸುವ ಬದಲು, ಟಿವಿ ಹಿಂದಕ್ಕೆ ಫೋನ್ ಚಾಚಿ ಪೋರ್ಟಿನ ಫೋಟೊ ತೆಗೆದುಕೊಂಡು ಹೋಗಿ. ಪೋರ್ಟಿನ ಅಗಲ ಬದಿ ಯಾವ ಕಡೆಗಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಕೇಬಲ್ ಇಳಿಸಲು ಗೋಡೆ ಕೊರೆಸುವ ಅಗತ್ಯವಿಲ್ಲ. ಬಿಳಿ ಕೇಸಿಂಗ್ ಪಟ್ಟಿ ಹೊಡೆದು ಮುಚ್ಚಿದರೆ ಸಾಕು. ಹೊಸ ಮನೆಯಾಗಿದ್ದು ಗೋಡೆಯೊಳಗೆ ಪೈಪ್ ಹಾಕಿಸುವುದಾದರೆ 20 ಮಿ.ಮೀ ಪೈಪ್ ಸಾಲದು, ಎಚ್‌ಡಿಎಂಐ ತಲೆಯ ಅಗಲವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. 2 ಇಂಚಿನ ಪೈಪ್ ಹಾಕಿಸಿ, ಕರೆಂಟ್ ವೈರನ್ನು ಅದೇ ಪೈಪಿನಲ್ಲಿ ಎಳೆಯಲು ಬಿಡಬೇಡಿ. ಬಾರ್ ಕೂರುವ ಎತ್ತರ, ಕೂತವರ ಕಿವಿ ಇರುವ ಮೂರೂವರೆ ಅಡಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಟಿವಿಯ ಅಂಚಿಗೇ ಅಂಟಿಸಿ ಗೋಡೆಗೆ ಹಾಕಿಸಿದರೆ ಟಿವಿಯ ಕೆಳ ಅಂಚಿನಲ್ಲಿರುವ ರಿಮೋಟ್ ಕಣ್ಣು ಮುಚ್ಚಿಹೋಗಬಹುದು. ಡ್ರಿಲ್ ಮಾಡುವ ಮೊದಲು ಬಾರನ್ನು ಕೈಯಲ್ಲಿ ಹಿಡಿದು, ಅಮ್ಮನ ಕುರ್ಚಿಯಿಂದ ರಿಮೋಟ್ ಒತ್ತಿಸಿ ನೋಡಿ.

ಕೇಬಲ್ ಕೂರಿಸಿದ ಮೇಲೆ ಟಿವಿಯಲ್ಲಿ ಮೂರು ಕಡೆ ಕೈಯಾಡಿಸಬೇಕು. ಸೌಂಡ್ ಔಟ್‌ಪುಟ್ ಎಚ್‌ಡಿಎಂಐ ಎಆರ್‌ಸಿಗೆ ಬದಲಾಯಿಸಿ. ಸಿಇಸಿ ಆನ್ ಮಾಡಿ: ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಇದು ಆನ್ ಇದ್ದರೆ ಟಿವಿ ಹಚ್ಚಿದಾಗ ಬಾರ್ ತಾನೇ ಎದ್ದೇಳುತ್ತದೆ, ಟಿವಿ ರಿಮೋಟಿನ ವಾಲ್ಯೂಮ್ ಗುಂಡಿಯೇ ಬಾರನ್ನೂ ನಡೆಸುತ್ತದೆ. ಮೂರನೆಯದು ಡಿಜಿಟಲ್ ಆಡಿಯೊ ಫಾರ್ಮ್ಯಾಟ್. ಅದನ್ನು ಪಿಸಿಎಂಗೆ, ಅಂದರೆ ಕಟ್ಟದೆ ಕಳಿಸುವ ಸಾದಾ ರೂಪಕ್ಕೆ, ಇಡಿ. ಕೆಲವು ಚಾನೆಲ್‌ಗಳಲ್ಲಿ ಮಾತು ಬರುತ್ತದೆ, ಕೆಲವು ಎಚ್‌ಡಿ ಚಾನೆಲ್ ಅಥವಾ ಓಟಿಟಿ ಸಿನಿಮಾಗಳಲ್ಲಿ ಪೂರ್ತಿ ಮೌನ ಎಂದಾದರೆ ಕಾರಣ ಸಾಮಾನ್ಯವಾಗಿ ಇದೇ. ಟಿವಿ ಸದ್ದನ್ನು ಡಾಲ್ಬಿ ಎಂಬ ರೂಪದಲ್ಲಿ ಕಟ್ಟಿ ಕಳಿಸುತ್ತಿದೆ, ಬಾರ್‌ಗೆ ಅದನ್ನು ಬಿಚ್ಚಲು ಬರುವುದಿಲ್ಲ.

ಬಾಕ್ಸ್ ರಿಮೋಟಿನ ಗುಟ್ಟು

ಅಂಗಡಿಯವರು ಹೇಳದ ವಿಷಯ ಇದು. ಡಿಟಿಎಚ್ ಇರುವ ಮನೆಗಳಲ್ಲಿ ಹಿರಿಯರು ದಿನವಿಡೀ ಹಿಡಿದಿರುವುದು ಟಿವಿ ರಿಮೋಟ್ ಅಲ್ಲ, ಸೆಟ್‌ಟಾಪ್ ಬಾಕ್ಸಿನ ರಿಮೋಟ್. ಅದರ ವಾಲ್ಯೂಮ್ ಗುಂಡಿ ಬಾರನ್ನು ಮುಟ್ಟುವುದೇ ಇಲ್ಲ, ಬಾಕ್ಸಿನಿಂದ ಹೊರಡುವ ಸದ್ದನ್ನೇ ಏರಿಳಿಸುತ್ತದೆ. ಇದು ತೊಂದರೆಯಂತೆ ಕಂಡರೂ ಅನುಕೂಲವೇ. ಬಾಕ್ಸಿನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಅಮ್ಮನಿಗೆ ಹಿತವಾಗುವಷ್ಟು ಬಾರಿನ ಮಟ್ಟ ಹೊಂದಿಸಿ, ಬಾರಿನ ರಿಮೋಟನ್ನು ಡ್ರಾಯರಿಗೆ ಹಾಕಿಬಿಡಿ. ಆಮೇಲೆ ಏರಿಸುವುದು ಇಳಿಸುವುದು ಎಲ್ಲ ಹಳೆಯ ರಿಮೋಟಿನಲ್ಲೇ, ಹಳೆಯ ಗುಂಡಿಯಲ್ಲೇ. ಹೊಸದಾಗಿ ಕಲಿಯಬೇಕಾದದ್ದು ಏನೂ ಉಳಿಯುವುದಿಲ್ಲ.

ಒಂದೇ ಷರತ್ತು: ಬಾಕ್ಸಿನ ಆಡಿಯೊ ಸೆಟ್ಟಿಂಗೂ ಸ್ಟೀರಿಯೊ ಅಥವಾ ಪಿಸಿಎಂ ಆಗಿರಬೇಕು. ಡಾಲ್ಬಿಯಾಗಿ ಕಟ್ಟಿ ಕಳಿಸಿದ ಸದ್ದನ್ನು ಬಾಕ್ಸ್ ತಗ್ಗಿಸಲಾರದು, ಗುಂಡಿ ಒತ್ತಿದರೂ ಮಟ್ಟ ಕದಲುವುದಿಲ್ಲ. ಟಿವಿಯ ವಾಲ್ಯೂಮ್ ಗುಂಡಿಯನ್ನೇ ಬಾಕ್ಸ್ ರಿಮೋಟಿಗೆ ಕಲಿಸುವ ಸೌಲಭ್ಯ ಕೆಲವು ಡಿಟಿಎಚ್ ರಿಮೋಟ್‌ಗಳಲ್ಲಿದೆ. ಇದ್ದರೆ ಅದೂ ಒಳ್ಳೆಯ ದಾರಿ. ಬ್ಯಾಟರಿ ಬದಲಿಸಿದಾಗ ಕಲಿತದ್ದು ಉಳಿಯುತ್ತದೆಯೇ ಎಂದು ಒಮ್ಮೆ ಬ್ಯಾಟರಿ ತೆಗೆದು ಹಾಕಿ ಖಚಿತಪಡಿಸಿಕೊಳ್ಳಿ.

ಎಲ್ಲ ಸರಿಯಾಯಿತು ಎನಿಸಿದ ಮೇಲೆ ಹೊರಡುವ ಮುನ್ನ ಒಂದು ಪರೀಕ್ಷೆ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಹಾಕಿ. ಬಾರಿನ ರಿಮೋಟ್ ಮುಟ್ಟದೆ ಟಿವಿ ಹಚ್ಚಿ. ಸದ್ದು ಬಾರಿನಿಂದಲೇ ಬಂದರೆ ಪಾಸ್. ಟಿವಿಯ ಸ್ವಂತ ಸ್ಪೀಕರ್‌ಗೆ ಹೊರಳಿಕೊಂಡಿದ್ದರೆ ಸಿಇಸಿ ಅಥವಾ ಕೇಬಲ್ ನೋಡಿ. ಬಾರಿಗೂ ಟಿವಿಗೂ ಬೇರೆ ಬೇರೆ ಸ್ವಿಚ್ ಇದ್ದರೆ ಕೆಲವೊಮ್ಮೆ ಮೊದಲು ಎದ್ದ ಟಿವಿಗೆ ಬಾರ್ ಕಾಣಿಸುವುದೇ ಇಲ್ಲ. ಎರಡನ್ನೂ ಒಂದೇ ಸ್ಪೈಕ್‌ಬಸ್ಟರಿಗೆ ಹಾಕಿ, ರಾತ್ರಿ ಸ್ವಿಚ್ ತೆಗೆಯುವ ಅಭ್ಯಾಸವಿದ್ದರೆ ಆ ಒಂದೇ ಸ್ವಿಚ್ ತೆಗೆಯಲಿ.

ಕುರ್ಚಿ ಪಕ್ಕದ ಸ್ಪೀಕರ್

ಕಿವಿ ನಿಜಕ್ಕೂ ಮಂದವಾಗಿದ್ದರೆ, ಟಿವಿ ಕೆಳಗೆ ಎಂಥ ಬಾರ್ ಇಟ್ಟರೂ ಹತ್ತು-ಹನ್ನೆರಡು ಅಡಿ ದೂರ ದೂರವೇ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 12 ಅಡಿಯಿಂದ 3 ಅಡಿಗೆ ತಂದರೆ 12 ಡೆಸಿಬೆಲ್ ಲಾಭ. ನಾಲ್ಕು ಗೋಡೆಯೊಳಗೆ ಲಾಭ ಇದಕ್ಕಿಂತ ಕಡಿಮೆ, ಆದರೆ ಗೋಡೆಗೆ ಬಡಿದು ಬರುವ ಮಾರ್ದನಿಗಿಂತ ನೇರ ಮಾತು ಮೇಲಾಗುವುದರಿಂದ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಪಕ್ಕದ ಕೋಣೆಯಲ್ಲಿ ಓದುವ ಮಕ್ಕಳಿಗೂ ನೆಮ್ಮದಿ.

ಈ ಬಗೆಗೆ ಜಪಾನಿನಲ್ಲಿ ಪ್ರತ್ಯೇಕ ಮಾರುಕಟ್ಟೆಯೇ ಇದೆ, 'ಟೆಮೊಟೊ' ಸ್ಪೀಕರ್ ಎನ್ನುತ್ತಾರೆ, ಕೈಯಳತೆಯಲ್ಲಿರುವುದು ಎಂಬರ್ಥದಲ್ಲಿ. ಸೋನಿಯ ಎಸ್‌ಆರ್‌ಎಸ್-ಎಲ್‌ಎಸ್‌ಆರ್200 ಇದರ ಒಳ್ಳೆಯ ಮಾದರಿ. ಟಿವಿ ಬಳಿ ಒಂದು ಡಾಕ್. ಅದೇ ಸದ್ದನ್ನು ಕಳಿಸುತ್ತದೆ, ಅದೇ ಚಾರ್ಜ್ ಮಾಡುತ್ತದೆ. ಸ್ಪೀಕರ್ ಮೇಲೆ ವಾಲ್ಯೂಮಿನ ದೊಡ್ಡ ತಿರುಗಣೆ, ಟಿವಿಯನ್ನು ನಡೆಸುವ ಗುಂಡಿಗಳು. ರೇಡಿಯೊ ಬಳಸಿದ ತಲೆಮಾರಿಗೆ ತಿರುಗಣೆ ಎಷ್ಟು ಸಲೀಸು ಎಂದು ಬೇರೆ ಹೇಳಬೇಕಿಲ್ಲ. ಯಾವ ಕಂಪನಿಯದನ್ನು ಕೊಂಡರೂ ನೋಡಬೇಕಾದ ಗುಣ ಒಂದೇ: ಬ್ಲೂಟೂತ್ ಬದಲು ತನ್ನದೇ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಜೊತೆಗೆ ಬಂದಿರಬೇಕು. ಕಾರ್ಖಾನೆಯಲ್ಲೇ ಜೋಡಿಯಾಗಿ ಬರುವುದರಿಂದ ಪೇರಿಂಗ್ ತಂಟೆ ಇರುವುದಿಲ್ಲ, ತುಟಿಗೂ ಮಾತಿಗೂ ಅಂತರ ಗೊತ್ತಾಗುವುದಿಲ್ಲ. ವೈಫೈ ರೂಟರ್ ಕೂಡ ಅದೇ 2.4ರಲ್ಲಿ ಕೆಲಸ ಮಾಡುವುದರಿಂದ ಡಾಕನ್ನು ರೂಟರಿಗೆ ಒತ್ತಿ ಇಡಬೇಡಿ. ಮೂರಡಿಯಾದರೂ ಅಂತರವಿರಲಿ, ಇಲ್ಲವಾದರೆ ಮಾತು ತುಂಡುತುಂಡಾಗುತ್ತದೆ.

ಡಾಕನ್ನು ಟಿವಿಗೆ ಆಪ್ಟಿಕಲ್ ಕೇಬಲ್ಲಿನಲ್ಲಿ ಜೋಡಿಸಿ. ಹೆಡ್‌ಫೋನ್ ಜ್ಯಾಕ್‌ಗೆ ಹಾಕಿದರೆ ಬಹುತೇಕ ಟಿವಿಗಳ ಸ್ವಂತ ಸ್ಪೀಕರ್ ಬಂದ್ ಆಗುತ್ತದೆ, ಅಮ್ಮನಿಗೆ ಕೇಳುತ್ತದೆ, ಅಪ್ಪನಿಗೆ ಇಲ್ಲ. ಆಪ್ಟಿಕಲ್‌ನಲ್ಲಿ ಬಹಳಷ್ಟು ಟಿವಿಗಳು ಎರಡೂ ಕಡೆ ಸದ್ದು ಬಿಡುತ್ತವೆ, ಇಬ್ಬರಿಗೂ ಅವರವರ ವಾಲ್ಯೂಮ್. ಕೇಬಲ್ಲಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಒತ್ತಿ ಪೋರ್ಟ್ ಬಾಗಿಲು ಮುರಿದವರು ಇದ್ದಾರೆ. ಟೋಪಿ ತೆಗೆದು, ಟಿವಿ ಕಡೆ ಹಾಕಿ, ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಸದ್ದು ಹೊರಡುತ್ತಿದೆ ಎಂದರ್ಥ. ಒಳಗಿರುವುದು ಪ್ಲಾಸ್ಟಿಕ್ ಎಳೆ, ಟಿವಿ ಹಿಂದೆ ಮೂಲೆಯಲ್ಲಿ ಮಡಚಿದರೆ ಬೆಳಕು ಸಾಯುತ್ತದೆ. ಬಳಸು ಸುತ್ತು ಕೊಟ್ಟು ತಿರುಗಿಸಿ. ಇಲ್ಲೂ ಫಾರ್ಮ್ಯಾಟ್ ಪಿಸಿಎಂ.

ಒಂದು ಕಿವಿ ಇನ್ನೊಂದಕ್ಕಿಂತ ಚೆನ್ನಾಗಿದ್ದರೆ ಸ್ಪೀಕರನ್ನು ಆ ಕಿವಿಯ ಕಡೆಗಿನ ಟೀಪಾಯಿ ಮೇಲಿಡಿ. ಪ್ರತಿ ರಾತ್ರಿ ಡಾಕ್ ಮೇಲೆ ಇಡಲು ಮರೆಯುವವರಾದರೆ, ಬ್ಯಾಟರಿ ಬಿಟ್ಟು ಕುರ್ಚಿ ಬದಿಯಲ್ಲೇ ಅಡಾಪ್ಟರ್ ಚುಚ್ಚಿಡಲು ಬರುವ ಮಾದರಿ ಹುಡುಕಿ.

ಬ್ಲೂಟೂತ್ ಸ್ಪೀಕರ್: ಅಗ್ಗ, ಆದರೆ

ಮನೆಯಲ್ಲಿ ಬಿದ್ದಿರುವ ಪುಟ್ಟ ಬ್ಲೂಟೂತ್ ಸ್ಪೀಕರನ್ನೇ ಟಿವಿಗೆ ಜೋಡಿಸುವ ಆಸೆ ಎಲ್ಲರಿಗೂ. ಜೋಡಿಸಲು ಎರಡು ನಿಮಿಷ ಸಾಕು. ಆಮೇಲೆ ವಾರ್ತೆ ಓದುವವರ ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ. ಸಾಮಾನ್ಯ ಎಸ್‌ಬಿಸಿ ಕೋಡೆಕ್‌ನಲ್ಲಿ (ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) 150ರಿಂದ 250 ಮಿಲಿಸೆಕೆಂಡ್ ವಿಳಂಬ ಸಹಜ. 200 ಮಿಲಿಸೆಕೆಂಡ್ ಅಂದರೆ ನಮ್ಮ ಟಿವಿ ಪ್ರಸಾರದ ಲೆಕ್ಕದಲ್ಲಿ ಐದು ಫ್ರೇಮ್. ಮಾತು ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದರೇ ಜನ ಗುರುತಿಸುತ್ತಾರೆ, 185 ದಾಟಿದರೆ ಸಹಿಸುವುದಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪ್ರಸಾರ ಶಿಫಾರಸಿನಲ್ಲಿರುವ ಅಳತೆ. ಕಿವಿ ಮಂದವಾದವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರು ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಿರುತ್ತಾರೆ.

"ಯೂಟ್ಯೂಬಲ್ಲಿ ಸರಿ ಇದೆ, ಸೀರಿಯಲ್ಲಲ್ಲಿ ಮಾತ್ರ ಹಿಂದೆ ಮುಂದೆ" ಎಂಬ ಗೊಂದಲಕ್ಕೂ ಕಾರಣವಿದೆ. ಟಿವಿಯ ಒಳಗಿನ ಆ್ಯಪ್‌ಗಳು ಬ್ಲೂಟೂತಿನ ವಿಳಂಬ ತಿಳಿದು ಚಿತ್ರವನ್ನೂ ತಡೆದು ತೋರಿಸುತ್ತವೆ. ಎಚ್‌ಡಿಎಂಐ ಮೂಲಕ ಬರುವ ಬಾಕ್ಸಿನ ಚಿತ್ರಕ್ಕೆ ಹಲವು ಟಿವಿಗಳು ಹಾಗೆ ಮಾಡುವುದಿಲ್ಲ. ಸೆಟ್ಟಿಂಗಿನಲ್ಲಿ ಆಡಿಯೊ ಡಿಲೇ ಇದೆಯಲ್ಲ ಎಂದರೆ, ಬಹುಪಾಲು ಟಿವಿಗಳಲ್ಲಿ ಅದು ಸದ್ದನ್ನು ಮತ್ತಷ್ಟು ತಡಮಾಡಲು ಮಾತ್ರ, ಬೇಗ ತರಲು ಅಲ್ಲ. ಸೋನಿಯ ಗೂಗಲ್ ಟಿವಿಗಳಲ್ಲಿ ಎ/ವಿ ಸಿಂಕ್ ಎಂಬ ಆಯ್ಕೆ ಇದೆ, ಅದನ್ನು ಆನ್ ಮಾಡಿ ನೋಡಬಹುದು. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬ ಇನ್ನೊಂದು ಕೋಡೆಕ್ ವಿಳಂಬವನ್ನು 40 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಸುತ್ತದೆ, ಆದರೆ ಕಳಿಸುವ ಕಡೆಯೂ ಕೇಳುವ ಕಡೆಯೂ ಎರಡರಲ್ಲೂ ಅದಿರಬೇಕು.

ವಿಳಂಬವನ್ನು ಸಹಿಸಿಕೊಂಡರೂ, ಬ್ಯಾಟರಿಯ ಸ್ಪೀಕರ್ ಹತ್ತಿಪ್ಪತ್ತು ನಿಮಿಷ ಸದ್ದಿಲ್ಲದಿದ್ದರೆ ತಾನೇ ಆಫ್ ಆಗುತ್ತದೆ. ಟಿವಿ ಹಚ್ಚಿದರೆ ಅದು ಏಳುವುದಿಲ್ಲ, ಎದ್ದು ಹೋಗಿ ಗುಂಡಿ ಒತ್ತಬೇಕು. ಮಂಡಿ ನೋವಿನವರಿಗೆ ದಿನಕ್ಕೆ ನಾಲ್ಕು ಸಲ ಈ ಕೆಲಸ ಹಚ್ಚುವುದು ನ್ಯಾಯವಲ್ಲ.

ವೈಫೈ ಸ್ಪೀಕರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈರ್ ಟಿವಿ ಸ್ಟಿಕ್ಕಿಗೆ ಎಕೋ ಸ್ಪೀಕರ್‌ಗಳನ್ನು ಹೋಮ್ ಥಿಯೇಟರ್ ಆಗಿ ಜೋಡಿಸಬಹುದು, ಚೆನ್ನಾಗಿಯೂ ಕೇಳುತ್ತದೆ. ಆದರೆ ಸ್ಟಿಕ್ಕಿನಲ್ಲಿ ಹಾಕಿದ್ದಷ್ಟೇ ಅಲ್ಲಿ ಬರುತ್ತದೆ, ಇನ್ನೊಂದು ಪೋರ್ಟಿನಲ್ಲಿರುವ ಬಾಕ್ಸಿನ ಚಾನೆಲ್ ಬರುವುದಿಲ್ಲ. ಆ್ಯಪಲ್ ಟಿವಿ 4ಕೆ ಎಂಬ ಪುಟ್ಟ ಪೆಟ್ಟಿಗೆಯ ಎರಡನೇ ತಲೆಮಾರಿನಿಂದ ಮುಂದಿನವು ಎಆರ್‌ಸಿ ಮೂಲಕ ಟಿವಿಯ ಎಲ್ಲ ಸದ್ದನ್ನೂ ಆ್ಯಪಲ್‌ನದೇ ಸ್ಪೀಕರಾದ ಹೋಮ್‌ಪಾಡ್‌ಗೆ ಒಯ್ಯುತ್ತವೆ. ಮಕ್ಕಳ ಮನೆಗೆ ಅದು ಸೊಗಸು. ಕರೆಂಟ್ ಬಂದು ರೂಟರ್ ಏಳುವವರೆಗೆ ಕಾಯಬೇಕಾದ ಏರ್ಪಾಡನ್ನು ಒಬ್ಬರೇ ಇರುವ ಹಿರಿಯರಿಗೆ ನಾವು ಶಿಫಾರಸು ಮಾಡುವುದಿಲ್ಲ.

ಹಿಯರಿಂಗ್ ಏಡ್ ಹಾಕುವವರಾದರೆ ಸ್ಪೀಕರ್ ಕೊಳ್ಳುವ ಮೊದಲು ಅದೇ ಕಂಪನಿಯ ಟಿವಿ ಸ್ಟ್ರೀಮರ್ ಕೇಳಿ. ಫೋನಾಕ್‌ನ ಟಿವಿ ಕನೆಕ್ಟರ್, ಓಟಿಕಾನ್‌ನ ಟಿವಿ ಅಡಾಪ್ಟರ್ ಈ ಬಗೆಯವು. ಆಪ್ಟಿಕಲ್‌ನಿಂದ ಸದ್ದು ತೆಗೆದುಕೊಂಡು ನೇರ ಕಿವಿಯಲ್ಲಿರುವ ಯಂತ್ರಕ್ಕೆ ಕಳಿಸುತ್ತವೆ. ಏಡ್ ಇಲ್ಲದೆ ಮಾತು ಸುತ್ತಮುತ್ತ ಎಲ್ಲೂ ಕೇಳದಂತಾಗಿದ್ದರೆ ಮೊದಲು ಕಿವಿ ಪರೀಕ್ಷೆ ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ವ್ಯವಸ್ಥೆ ಇದೆ.

ಯಾವುದನ್ನೇ ಕೂರಿಸಿದರೂ ಕೊನೆಗೆ ನಿಮ್ಮ ಫೋನಿನ ಬ್ಲೂಟೂತ್ ಪಟ್ಟಿ ತೆರೆದು, ಪರೀಕ್ಷೆಗೆಂದು ಜೋಡಿಸಿದ ಆ ಬಾರ್ ಅಥವಾ ಸ್ಪೀಕರಿನ ಹೆಸರನ್ನು ಅಳಿಸಿಬಿಡಿ. ಮೊಮ್ಮಕ್ಕಳ ಫೋನಿನಿಂದಲೂ ಅಳಿಸಿ. ಇಲ್ಲವಾದರೆ ದಸರಾ ರಜೆಗೆ ಬಂದವರು ಹೊಸ್ತಿಲು ದಾಟುತ್ತಿದ್ದಂತೆ ಸ್ಪೀಕರ್ ಅವರ ಫೋನನ್ನು ಹಿಡಿದುಕೊಳ್ಳುತ್ತದೆ, ಸೀರಿಯಲ್ಲಿನ ಮಾತು ಅರ್ಧಕ್ಕೆ ನಿಂತು ಯಾರದೋ ರೀಲ್ಸಿನ ಹಾಡು ಹಾಲ್ ತುಂಬುತ್ತದೆ.